ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಯಿತು?

14 ಮಾರ್ಚ್ 2024, ಗುರುವಾರ

ಸೈನ್ಯಕ್ಕೆ ಹೊಸದಾಗಿ ಸೇರಿದವರಿಗೆ ರೈಫಲ್ ತರಬೇತಿ ನೀಡುವ ವಿಧಾನಗಳಲ್ಲಿ ಯಾವುದು ಮೇಲು ಎಂಬುದನ್ನು ಕೊನೆಯ ಪರೀಕ್ಷೆಯ ಅಂಕಗಳಿಂದಲೇ ತೀರ್ಮಾನಿಸುವುದು ಸರಿಯಲ್ಲ ಎಂಬ ನನ್ನ ಅಭಿಪ್ರಾಯ ಇಂದಿನ ಓದಿನಿಂದ ಇನ್ನಷ್ಟು ಗಟ್ಟಿಯಾಯಿತು.

ಅಮೆರಿಕದ ಭೂಸೇನೆಯಲ್ಲಿ ಹಿಂದೆ ಅಳೆದ ದೂರದಲ್ಲಿ ನಿಲ್ಲಿಸಿದ ವೃತ್ತಗಳ ಗುರಿಹಲಗೆಗೆ ಗುಂಡು ಹಾರಿಸಿ ಕಲಿಯುತ್ತಿದ್ದರು. 1950ರ ದಶಕದಲ್ಲಿ ಬಂದ ಟ್ರೇನ್‌ಫೈರ್ ಪದ್ಧತಿಯು ಅದರ ಬದಲಿಗೆ ಬೇರೆ ಬೇರೆ ದೂರಗಳಲ್ಲಿ ಥಟ್ಟನೆ ಎದ್ದು ನಿಲ್ಲುವ, ಗುಂಡು ತಾಗಿದೊಡನೆ ಬೀಳುವ ಮನುಷ್ಯಾಕೃತಿಗಳನ್ನು ತಂದಿತು. ಶತ್ರುವನ್ನು ತಾನೇ ಹುಡುಕಿ, ದೂರವನ್ನು ಅಂದಾಜು ಮಾಡಿ ಹೊಡೆಯುವ ಅಭ್ಯಾಸ ಇದರಿಂದ ದೊರೆಯಿತು. ಇದು ನಿಜವಾದ ಲಾಭ. ಆದರೆ ಹಳೆಯ ಹಲಗೆಯ ಮೇಲೆ ಪ್ರತಿ ಗುಂಡಿನ ತೂತು ಕಾಣುತ್ತಿತ್ತು, ಬೀಳದೆ ನಿಂತ ಆಕೃತಿಯಾದರೋ ಗುಂಡು ಎಡಕ್ಕೆ ಹೋಯಿತೋ ಮೇಲಕ್ಕೆ ಹೋಯಿತೋ ಎಂಬುದನ್ನು ಹೇಳುವುದಿಲ್ಲ.

ಅಲ್ಲಿನ ಅರ್ಹತಾ ಪರೀಕ್ಷೆಯಲ್ಲಿ 50ರಿಂದ 300 ಮೀಟರ್ ದೂರದ 40 ಗುರಿಗಳಲ್ಲಿ ಕನಿಷ್ಠ 23ನ್ನು ಹೊಡೆಯಬೇಕು. ಕಲಿಯುವ ಇಬ್ಬರು ತಲಾ 25 ಹೊಡೆದರೆಂದುಕೊಳ್ಳೋಣ. ಒಬ್ಬನ ಗುಂಡುಗಳು ಒತ್ತಾಗಿ ಒಂದೇ ಕಡೆ ಬಿದ್ದು, ಸೈಟ್ (ಗುರಿ ನೋಡಲು ರೈಫಲ್ ಮೇಲಿರುವ ಸಾಧನ) ಹೊಂದಿಕೆ ಸರಿಯಿಲ್ಲದೆ ತಪ್ಪಿರಬಹುದು. ಇನ್ನೊಬ್ಬ ಟ್ರಿಗರನ್ನು ಜಗ್ಗುತ್ತಿರಬಹುದು. ಮೊದಲನೆಯವನಿಗೆ ಸೈಟನ್ನು ತಿದ್ದಿಕೊಟ್ಟರೆ ಸಾಕು, ಎರಡನೆಯವನಿಗೆ ದಿನಗಟ್ಟಲೆ ಅಭ್ಯಾಸ ಬೇಕು. ಅಂಕಪಟ್ಟಿಯಲ್ಲಿ ಮಾತ್ರ ಇಬ್ಬರೂ ಸಮಾನರು.

ಈ ಜಗ್ಗುವಿಕೆಯನ್ನು ಬಯಲಿಗೆಳೆಯುವ ಹಳೆಯ ಉಪಾಯವೊಂದು ನನಗೆ ಬಹಳ ಮೆಚ್ಚುಗೆ. ಜೀವಂತ ಗುಂಡುಗಳ ನಡುವೆ ಕಲಿಯುವವನಿಗೆ ತಿಳಿಯದಂತೆ ಡಮ್ಮಿ ಗುಂಡನ್ನು ಸೇರಿಸುತ್ತಾರೆ. ಅದರ ಸರದಿ ಬಂದಾಗ ಸದ್ದೂ ಇಲ್ಲ, ಹಿಂದೊದೆತವೂ ಇಲ್ಲ. ಆದರೂ ನಳಿಕೆಯ ತುದಿ ಕೆಳಕ್ಕೆ ಕುಸಿದರೆ, ಅವನು ಸದ್ದಿಗೆ ಮೊದಲೇ ಬೆಚ್ಚುತ್ತಿದ್ದಾನೆಂಬುದು ಅವನಿಗೇ ಕಾಣುತ್ತದೆ. ನಿಜವಾದ ಗುಂಡಿಲ್ಲದೆ ತೆರೆಯ ಮುಂದೆ ಅಭ್ಯಾಸ ಮಾಡಿಸುವ ಸಿಮ್ಯುಲೇಟರುಗಳು ಟ್ರಿಗರ್ ಒತ್ತುವ ಮುನ್ನ ನಳಿಕೆ ಎತ್ತ ಅಲುಗಿತೆಂಬುದನ್ನು ತೆರೆಯ ಮೇಲೆ ತೋರಿಸಬಲ್ಲವು, ಗುಂಡಿನ ಖರ್ಚನ್ನೂ ಉಳಿಸುತ್ತವೆ; ಆದರೆ ಬಯಲಿನ ಗಾಳಿ, ಬೆಳಕು, ಕಿವಿಗಡಚಿಕ್ಕುವ ಸದ್ದು ಅಲ್ಲಿರುವುದಿಲ್ಲವಾದ್ದರಿಂದ, ತೆರೆಯ ಮುಂದಿನ ಅಂಕವನ್ನು ಕಲಿಕೆಯ ಪುರಾವೆಯೆಂದು ನಾನು ಒಪ್ಪಲಾರೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ತಂಡಗಳನ್ನು ಚೀಟಿ ಎತ್ತಿ ವಿಂಗಡಿಸಬೇಕು, ಎರಡಕ್ಕೂ ಸಮನಾದ ಗುಂಡುಗಳನ್ನೂ ಸಮಯವನ್ನೂ ಕೊಡಬೇಕು, ಬೋಧಕರನ್ನು ಅದಲುಬದಲು ಮಾಡಬೇಕು. ಇಲ್ಲದಿದ್ದರೆ ಒಳ್ಳೆಯ ಬೋಧಕನ ಫಲವನ್ನು ವಿಧಾನದ ಲೆಕ್ಕಕ್ಕೆ ಬರೆದಂತಾಗುತ್ತದೆ. ಕೆಲವು ವಾರಗಳ ಬಳಿಕ, ನಡುವೆ ಅಭ್ಯಾಸಕ್ಕೆ ಬಿಡದೆ, ಮತ್ತೊಮ್ಮೆ ಪರೀಕ್ಷಿಸಬೇಕು. ಆ ಮರುಪರೀಕ್ಷೆಗೆ ಬೇಕಾದ ಗುಂಡುಗಳನ್ನು ತರಬೇತಿ ಆರಂಭವಾಗುವ ಮೊದಲೇ ಬೇರೆಯಾಗಿ ಎತ್ತಿಡಬೇಕು.