ಖಾರದ ಮುಲಾಮು ಕೊಡುವಾಗ ಹೇಳಲೇಬೇಕಾದದ್ದು

ಹಾವೇರಿ ಕಡೆಯ ಮೆಡಿಕಲ್ ಶಾಪಿನಲ್ಲಿ ಕೂತವನಿಗೆ ಮೆಣಸಿನಕಾಯಿ ಹೊಸದಲ್ಲ. ಆದರೆ ಅದೇ ಖಾರ ಕ್ಯಾಪ್ಸೈಸಿನ್ ಎಂಬ ಹೆಸರಲ್ಲಿ ಟ್ಯೂಬಿನೊಳಗೆ ಬಂದಾಗ ಸುಮ್ಮನೆ ಕವರಿಗೆ ಹಾಕಿ ಕೊಡುವ ಹಾಗಿಲ್ಲ. ಕೊಟ್ಟರೆ ಮರುದಿನವೇ ದೂರು: "ತಮ್ಮಾ, ಮೊಣಕಾಲ ನೋವು ಹೋಗ್ಲಿ, ಉರಿ ಹತ್ತೇತಲ್ಲೋ!"

ಉರಿ ಹತ್ತುವುದೇ ಅದರ ಕೆಲಸ. ಬಿಸಿ ತಾಗಿದ್ದನ್ನು ಗುರುತಿಸುವ ನರತುದಿಯ ಗ್ರಾಹಕವನ್ನೇ (ರಿಸೆಪ್ಟರ್) ಖಾರವೂ ಕೆಣಕುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಪತ್ತೆಹಚ್ಚಿತು; 2021ರ ನೊಬೆಲ್ ಅವರಿಗೆ ಬಂದದ್ದರಲ್ಲಿ ಇದರ ಪಾಲೂ ಇದೆ. ಕೌಂಟರಿನಲ್ಲಿ ಇಷ್ಟೆಲ್ಲ ಯಾರಿಗೆ ಬೇಕು? "ಕೂಗಿ ಕೂಗಿ ಗಂಟಲು ಕಟ್ಟಿದಂಗ, ನರಾನೂ ಸುಮ್ನಾಗ್ತದ್ರಿ" ಅನ್ನುತ್ತೇನೆ. ಆದರೆ ಅದಕ್ಕೆ ದಿನಕ್ಕೆ ಮೂರು-ನಾಲ್ಕು ಸಲ, ಕೆಲವು ವಾರ ಬಿಡದೆ ಹಚ್ಚಬೇಕು. ನೋವು ಬಂದಾಗಷ್ಟೇ ಹಚ್ಚುವವರಿಗೆ ಪ್ರತಿ ಸಲವೂ ಮೊದಲ ದಿನದ ಉರಿಯೇ ಗತಿ. ಮೊಣಕಾಲು, ಬೆರಳ ಗಂಟಿಗಾದರೆ ಸರಿ. ಸೊಂಟದ ಕೀಲು ಬಹಳ ಆಳದಲ್ಲಿದೆ, ಅಲ್ಲಿಗೆ ತಲುಪದು.

ಹೆಚ್ಚು ಫಜೀತಿ ಕೈಯಿಂದಲೇ. ಮೊಣಕಾಲಿಗೆ ಹಚ್ಚಿಕೊಂಡ ಅಜ್ಜಿಯೊಬ್ಬರು ಅದೇ ಬೆರಳಲ್ಲಿ ಕಣ್ಣುಜ್ಜಿಕೊಂಡು, ಸೆರಗು ಒತ್ತಿಕೊಂಡೇ ಅಂಗಡಿಗೆ ಬಂದಿದ್ದರು. ಖಾರ ನೀರಿನಲ್ಲಿ ಕರಗುವುದಿಲ್ಲ, ಸೋಪು ಬೇಕೇ ಬೇಕು. ಮೊದಲು ಚೂರು ಎಣ್ಣೆ ಸವರಿ ಒರೆಸಿದರೆ ಇನ್ನೂ ಒಳ್ಳೆಯದು. ಬೆರಳಿನ ಗಂಟಿಗೇ ಹಚ್ಚಿದ್ದರೆ ಅರ್ಧ ಗಂಟೆ ಬಿಟ್ಟು ತೊಳೆಯಬೇಕು. ಹಚ್ಚಿದ ಜಾಗಕ್ಕೆ ಬಿಸಿನೀರಿನ ಶಾಖ ಬೇಡ, ಬಿಗಿ ಪಟ್ಟಿಯೂ ಬೇಡ.

"ಮನ್ಯಾಗ ಬ್ಯಾಡಗಿ ಕಾಯಿ ಅದಾವು, ಅರದು ಹಚ್ಚಿದ್ರ ನಡೀತೈತೇನು?" ಎಂದು ಕೇಳುವವರಿದ್ದಾರೆ. ಬ್ಯಾಡಗಿಯ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಗುಂಟೂರು ಕಾಯಿ ಅರೆದರೆ ಚರ್ಮ ಬೊಬ್ಬೆ ಎದ್ದೀತು. ಮುಲಾಮಿನಲ್ಲಿರುವುದು ಶೇ. 0.025 ಅಥವಾ 0.075ರಷ್ಟು ಅಳೆದ ಖಾರ. ಒರಳುಕಲ್ಲಿನಲ್ಲಿ ಆ ಅಳತೆ ಎಲ್ಲಿಂದ ಬರಬೇಕು?

ಸರ್ಪಸುತ್ತು ಮಾಯ್ದ ಮೇಲೂ ಚುಚ್ಚುವ ನರನೋವು ಉಳಿದವರಿಗೂ ಇದನ್ನು ಬರೆಯುತ್ತಾರೆ. ಗುಳ್ಳೆ ಪೂರ್ತಿ ಒಣಗಿವೆಯೇ ಎಂದು ಕೇಳದೆ ನಾನು ಕೊಡುವುದಿಲ್ಲ. ಅದೇ ನೋವಿಗೆ ಶೇ. 8ರಷ್ಟು ಖಾರವಿರುವ, ಚರ್ಮಕ್ಕೆ ಅಂಟಿಸುವ ಪ್ಯಾಚೊಂದನ್ನು ಅಮೆರಿಕ 2009ರಲ್ಲಿ ಒಪ್ಪಿತು, 2020ರಲ್ಲಿ ಸಕ್ಕರೆ ಕಾಯಿಲೆಯವರ ಪಾದದ ನರನೋವಿಗೂ. ಅದನ್ನು ಆಸ್ಪತ್ರೆಯಲ್ಲಿ ಕೈಗವಸು ತೊಟ್ಟು ಅಂಟಿಸುತ್ತಾರೆ, ಮನೆಗೆ ಒಯ್ಯುವ ಮಾಲಲ್ಲ.

ಶುಗರ್ ಇರುವವರು ಪಾದ ಉರಿ ಎಂದು ಈ ಟ್ಯೂಬ್ ಕೇಳಿದರೆ ಮೊದಲು ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡುತ್ತೇನೆ. ಸ್ಪರ್ಶ ತಿಳಿಯದ ಕಾಲಿನಲ್ಲಿ ಬಿರುಕಿದ್ದರೂ ಅವರಿಗೆ ಗೊತ್ತಿರುವುದಿಲ್ಲ. ಬಿರುಕು ಕಂಡರೆ ಟ್ಯೂಬ್ ಇಲ್ಲ, ಡಾಕ್ಟರ ಚೀಟಿ ತನ್ನಿ ಅನ್ನುತ್ತೇನೆ.