ದಂಗೆಯ ಸಿಟ್ಟು, ಸಿದ್ಧಾಂತದ ಕನಸು

ಕ್ರಾಂತಿಗೆ ಸಿದ್ಧಾಂತ ಬೇಕೆ, ಹಸಿವು ಮತ್ತು ತೆರಿಗೆಯ ಭಾರವಷ್ಟೇ ಸಾಕೆ ಎಂಬ ಚರ್ಚೆ ಎದ್ದಾಗ, ಕೊಡಗಿನವನಾದ ನನಗೆ ಮೊದಲು ನೆನಪಾಗುವುದು 1837ರ ಅಮರ ಸುಳ್ಯದ ದಂಗೆ. 1834ರಲ್ಲಿ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪನಿ ಸರ್ಕಾರ, ಕೊಡಗಿನ ಆಳ್ವಿಕೆಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳತೊಡಗಿತು. ಕಣದಲ್ಲೇ ಭತ್ತ ಅಳೆದುಕೊಟ್ಟು ನಿಶ್ಚಿಂತನಾಗುತ್ತಿದ್ದ ರೈತ, ಬೆಲೆ ಇಳಿದ ಸುಗ್ಗಿಯಲ್ಲೇ ಅದನ್ನು ಮಾರಿ, ಸಾಲದಿದ್ದರೆ ಸಾಹುಕಾರನ ಬಾಗಿಲು ತಟ್ಟಿ ರೂಪಾಯಿ ಹೊಂದಿಸಬೇಕಾಯಿತು. ಸಿಟ್ಟಿಗೆ ಅಷ್ಟು ಸಾಕಾಗಿತ್ತು.

ಕೊಡಗನ್ನಾಳಿದ ಹಾಲೇರಿ ವಂಶದ ವಾರಸುದಾರನೆಂದು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಮುಂದೆ ನಿಂತವನ ಹಿಂದೆ ರೈತರು ಮಂಗಳೂರಿನವರೆಗೂ ನಡೆದು, ಬಾವುಟಗುಡ್ಡೆಯಲ್ಲಿ ಧ್ವಜ ಹಾರಿಸಿದರು. ಕಂಪನಿಯ ಸೈನ್ಯ ದಂಗೆಯನ್ನು ಹತ್ತಿಕ್ಕಿತು. ಅದೇ ವರ್ಷದ ಅಕ್ಟೋಬರ್ 31ರಂದು ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ಸೋತದ್ದು ಸೈನಿಕ ಬಲದ ಮುಂದೆಯೇ ಹೊರತು ಸಿದ್ಧಾಂತದ ಕೊರತೆಯಿಂದಲ್ಲ. ಆದರೆ ಗೆದ್ದಿದ್ದರೂ ಬರುತ್ತಿದ್ದುದು ಹಳೆಯ ಅರಮನೆಯೇ ಎಂಬುದನ್ನು, ಆ ಹುತಾತ್ಮರ ಮೇಲಿನ ಪೂರ್ಣ ಗೌರವದಿಂದಲೇ, ಒಪ್ಪಿಕೊಳ್ಳಬೇಕು.

ಫ್ರಾನ್ಸಿನಲ್ಲೂ ಕ್ರಾಂತಿಯ ಕಿಡಿ ಹೊತ್ತಿದ್ದು ಯುದ್ಧಗಳಿಂದ ಬರಿದಾದ ಬೊಕ್ಕಸ, 1788ರ ಬೆಳೆಹಾನಿ ಮತ್ತು ರೊಟ್ಟಿಯ ಬೆಲೆಯಿಂದ. ಜಮೀನ್ದಾರರ ಮನೆಗಳಿಗೆ ಬೆಂಕಿಯಿಟ್ಟ ರೈತರು ಕೇಳಿದ್ದು ತಮ್ಮ ಮೇಲಿನ ವಂತಿಗೆಗಳಿಂದ ಬಿಡುಗಡೆಯನ್ನು. 1789ರ ಆಗಸ್ಟ್ 4ರ ರಾತ್ರಿ ಜನಪ್ರತಿನಿಧಿಗಳ ರಾಷ್ಟ್ರೀಯ ಸಭೆ ಊಳಿಗಮಾನ್ಯ ಹಕ್ಕುಗಳ ಜೊತೆಗೆ ಹುಟ್ಟಿನ ವಿಶೇಷಾಧಿಕಾರಗಳನ್ನೇ ರದ್ದುಗೊಳಿಸಲು ಮುಂದಾಯಿತು. ಆ ಹೆಚ್ಚುವರಿ ಹೆಜ್ಜೆ ಇಡಿಸಿದ್ದು, ನನ್ನ ಮಟ್ಟಿಗೆ, ಸಿದ್ಧಾಂತ.

ಕ್ರಾಂತಿಯ ಮೂಲ ರಾಜ್ಯಯಂತ್ರದ ಬಿಕ್ಕಟ್ಟಿನಲ್ಲಿದೆ, ಯಾರ ಸಿದ್ಧಾಂತದಲ್ಲೂ ಅಲ್ಲ ಎಂದು 1979ರಲ್ಲಿ ವಾದಿಸಿದ ಸಮಾಜಶಾಸ್ತ್ರಜ್ಞೆ ತೀಡಾ ಸ್ಕೋಚ್‌ಪಾಲ್, ಅದೇ ವರ್ಷ ಇರಾನಿನಲ್ಲಿ ನಡೆದುದನ್ನು ಕಂಡು ತಮ್ಮ ನಿಲುವನ್ನು ಸಡಿಲಿಸಿದರು. ಅಲ್ಲಿ 1978ರ ಜನವರಿಯಲ್ಲಿ ಕೋಮ್ ನಗರದ ಪ್ರತಿಭಟನೆಯಲ್ಲಿ ಸತ್ತವರಿಗಾಗಿ ಶಿಯಾ ಸಂಪ್ರದಾಯದಂತೆ ನಡೆದ ನಲವತ್ತನೆಯ ದಿನದ ಶೋಕ ತಬ್ರೀಜ್‌ನಲ್ಲಿ ಪ್ರತಿಭಟನೆಯಾಯಿತು. ಅಲ್ಲಿ ಸತ್ತವರಿಗಾಗಿ ಮತ್ತೆ ನಲವತ್ತು ದಿನಕ್ಕೆ ಬೇರೆ ಊರುಗಳು ಬೀದಿಗಿಳಿದವು. ಮುಂದಿನ ಸಭೆಯ ದಿನವನ್ನೂ ಜಾಗವನ್ನೂ ನಂಬಿಕೆಯೇ ಗೊತ್ತುಮಾಡಿತ್ತು. ಇರಾನಿನ ದೊರೆ ಶಾಹನ ಸರ್ಕಾರವನ್ನು ನಿತ್ರಾಣಗೊಳಿಸಿದ್ದು ತೈಲ ಕಾರ್ಮಿಕರ ಮುಷ್ಕರವಾದರೂ, ಎಡಪಂಥೀಯರೂ ರಾಷ್ಟ್ರವಾದಿಗಳೂ ಜೊತೆಗೆ ಹೋರಾಡಿದ್ದರೂ, 1979ರ ಜನಮತಗಣನೆಯ ಬಳಿಕ ಸ್ಥಾಪನೆಯಾದದ್ದು ಮಸೀದಿಗಳ ಜಾಲವನ್ನು ಕೈಯಲ್ಲಿಟ್ಟುಕೊಂಡಿದ್ದವರ ಇಸ್ಲಾಮಿಕ್ ಗಣರಾಜ್ಯ.