ಆಪರೇಷನ್‌ಗೆ ಮುಂಚೆ ಕೇಳಲೇಬೇಕಿದ್ದ ಪ್ರಶ್ನೆ

2024 ಮಾರ್ಚ್ 14, ಗುರುವಾರ

ಆಪರೇಷನ್ ಮುಂದಿನ ವಾರ. ಗರ್ಭಕೋಶ ಜಾರಿದೆ. ಜೊತೆಗೆ ಮೂತ್ರಚೀಲವೂ ಯೋನಿಯ ಮುಂದಿನ ಗೋಡೆಯನ್ನು ತಳ್ಳಿಕೊಂಡು ಕೆಳಗೆ ಬಂದಿದೆ. ಬೆಳಿಗ್ಗೆ ಏಳುವಾಗ ಏನೂ ಇರುವುದಿಲ್ಲ. ನಿಂತು ಓಡಾಡಿ ಸಂಜೆಯಾಗುವಷ್ಟರಲ್ಲಿ ಮೆತ್ತಗಿನ ಗಡ್ಡೆಯೊಂದು ಕೈಗೆ ತಗಲುತ್ತದೆ. ಮಲಗಿದರೆ ತಾನಾಗಿಯೇ ಒಳಗೆ ಹೋಗುತ್ತದೆ. ಮೂತ್ರ ಪೂರ್ತಿ ಹೋಗಬೇಕೆಂದರೆ ಬೆರಳಿನಿಂದ ಅದನ್ನು ಮೇಲಕ್ಕೆ ಒತ್ತಿ ಹಿಡಿದು ಕೂರಬೇಕು. ಬರೆಯಲು ಮುಜುಗರವೇ. ಆದರೆ ಇದನ್ನು ಓದುತ್ತಾ "ನಾನೂ ಹಾಗೇ ಮಾಡ್ತೀನಲ್ಲ" ಅಂದುಕೊಳ್ಳುವವರು ಇದ್ದೇ ಇರುತ್ತಾರೆ, ಅಲ್ವಾ?

ಪೆಸರಿಯೂ ಹಾಕಿ ನೋಡಿದ್ದಾಯಿತು. ಸಿಲಿಕೋನ್ ಬಳೆ, ಒಳಗೆ ಕೂತು ಎಲ್ಲವನ್ನೂ ಮೇಲೆ ಹಿಡಿದಿಡುತ್ತದೆ. ಎಷ್ಟೋ ಜನ ಅದರಲ್ಲೇ ವರ್ಷಗಟ್ಟಲೆ ಆರಾಮಾಗಿರುತ್ತಾರೆ. ನನಗೆ ನಿಲ್ಲಲಿಲ್ಲ, ಕೆಮ್ಮಿದರೆ ಜಾರಿ ಬರುತ್ತಿತ್ತು.

ಇದೆಲ್ಲದರ ನಡುವೆ ಇವರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೆ. ನೋವಿಗಲ್ಲ, ನಾಚಿಕೆಗೆ. ಇವರಿಗೆ ಏನಾದರೂ ಹೆಚ್ಚುಕಮ್ಮಿ ಆದೀತೆಂಬ ಭಯ. ಇಬ್ಬರೂ ಬಾಯಿ ಬಿಡಲಿಲ್ಲ. ಸೇರಿದ್ದರಿಂದ ಜಾರಿದ್ದು ಇನ್ನಷ್ಟು ಜಾರುವುದಿಲ್ಲ ಎಂದು ಇವತ್ತು ಡಾಕ್ಟರು ಹೇಳಿದಾಗ ಸಮಾಧಾನಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಮೊದಲು ತೋರಿಸಿದ್ದ ಇನ್ನೊಬ್ಬರು ಹೆರಿಗೆ, ಕೆಮ್ಮು, ಮಲಬದ್ಧತೆ, ಮುಟ್ಟು ನಿಂತದ್ದು ಎಲ್ಲ ಕೇಳಿದ್ದರು. ಇದೊಂದನ್ನು ಬಿಟ್ಟು.

ಇವತ್ತು ನಾನೇ ಕೇಳಿದೆ. "ಆಮೇಲೆ ಗಂಡ ಹೆಂಡತಿ ಸೇರಬಹುದಾ ಮೇಡಂ?"

ಅವರು ಪೆನ್ನು ತೆಗೆದುಕೊಂಡು ನನ್ನ ಸ್ಕ್ಯಾನ್ ಕವರಿನ ಹಿಂದೆ ಚಿತ್ರ ಬರೆಯಲು ಶುರು ಮಾಡಿದರು. "ಇದು ನನಗೆ ಮೊದಲೇ ಗೊತ್ತಾಗಬೇಕು. ಎಲ್ಲಿ ಹೊಲಿಗೆ, ಎಷ್ಟು ಬಿಗಿ, ಎಲ್ಲ ಅದರ ಮೇಲೇ ಇದೆ" ಎಂದರು. ಹಿಂದಿನ ಗೋಡೆ ರಿಪೇರಿ ಮಾಡುವಾಗ ಅಕ್ಕಪಕ್ಕದ ಸ್ನಾಯುಗಳನ್ನು ನಡುವಿಗೆ ಎಳೆದು ಬಿಗಿಯಾಗಿ ಹೊಲಿದರೆ ಗಟ್ಟಿ ಏಣು ನಿಂತುಬಿಡಬಹುದಂತೆ. ಆಮೇಲೆ ಸೇರುವಾಗ ನೋವು. ಅದಕ್ಕೇ ನನಗೆ ಅದು ಬೇಡ ಎಂದು ಅಲ್ಲೇ ಫೈಲಿನಲ್ಲಿ ಬರೆದುಕೊಂಡರು. ಯೋನಿಯನ್ನೇ ಒಳಗಿನಿಂದ ಹೊಲಿದು ಮುಚ್ಚುವ ಆಪರೇಷನ್ನೂ ಇದೆ. ಬೇಗ ಮುಗಿಯುತ್ತದೆ, ಮತ್ತೆ ಜಾರುವುದು ಕಡಿಮೆ, ತುಂಬಾ ವಯಸ್ಸಾಗಿ ಸೇರುವುದು ಬೇಡವೆನ್ನುವವರಿಗೆ ಒಳ್ಳೆಯದೇ. ಆದರೆ ಆಮೇಲೆ ಬೇಕೆನಿಸಿದರೆ ದಾರಿಯಿಲ್ಲ. "ಈ ಹೆಂಗಸಿಗಿನ್ನು ಅದೆಲ್ಲ ಯಾಕೆ" ಎಂದು ನರೆಗೂದಲು ನೋಡಿಯೇ ಬೇರೆಯವರು ತೀರ್ಮಾನಿಸಿಬಿಟ್ಟರೆ ಏನು ಗತಿ!

ಗರ್ಭಕೋಶ ತೆಗೆದರೆ ಸುಖವೂ ಹೋಗುತ್ತದೆ ಎಂದು ನಮ್ಮಕ್ಕ ಹೆದರಿಸಿದ್ದಳು. ಅದನ್ನೂ ಕೇಳಿದೆ. ಡಾಕ್ಟರು ಚಿತ್ರದಲ್ಲಿ ಸುಖ ಕೊಡುವ ಮುಖ್ಯ ಅಂಗ ಕ್ಲಿಟೋರಿಸ್ ಬರೆದು ತೋರಿಸಿದರು. ಹೊರಗೆ ಕಾಣುವುದು ತುದಿ ಮಾತ್ರ, ಉಳಿದದ್ದು ಎರಡು ಕವಲಾಗಿ ಒಳಗೆ ಚಾಚಿಕೊಂಡಿದೆ. ಪಠ್ಯಪುಸ್ತಕಗಳಲ್ಲಿ ಇದ್ದದ್ದಕ್ಕಿಂತ ಅದು ಎಷ್ಟೋ ದೊಡ್ಡದು ಎಂದು ಆಸ್ಟ್ರೇಲಿಯಾದ ಸರ್ಜನ್ ಹೆಲೆನ್ ಓ'ಕಾನೆಲ್ ತೋರಿಸಿಕೊಟ್ಟದ್ದು 1998ರಲ್ಲಿ. ಅಷ್ಟು ತಡವಾಗಿ! ಗರ್ಭಕೋಶ ತೆಗೆದರೂ ಅದು ಇದ್ದಲ್ಲೇ ಇರುತ್ತದೆ. ಸುಖದ ತುದಿಯಲ್ಲಿ ಗರ್ಭಕೋಶ ಹಿಂಡಿದಂತಾಗುವುದು ಕೆಲವರಿಗೆ ಗೊತ್ತಾಗುತ್ತದೆ, ಅವರಿಗೆ ವ್ಯತ್ಯಾಸ ಅನಿಸಬಹುದು. ಬೇಡವೆಂದರೆ ಗರ್ಭಕೋಶ ತೆಗೆಯದೆ ಮೇಲಕ್ಕೆತ್ತಿ ಕಟ್ಟುವ ವಿಧಾನವೂ ಇದೆ. ನಾನು ತೆಗೆಸುವುದಕ್ಕೇ ಒಪ್ಪಿದೆ.

ಮೆಶ್ ಹಾಕುತ್ತೀರಾ ಎಂದೂ ವಿಚಾರಿಸಿದೆ. ಇಲ್ಲವಂತೆ. ಯೋನಿಯ ಮೂಲಕ ಹಾಕುವ ಆ ಬಲೆ ಕೆಲವರಲ್ಲಿ ಗೋಡೆ ಕೊರೆದು ಹೊರಬಂದು, ಹೆಂಗಸಿಗೂ ನೋವು, ಗಂಡಸಿಗೂ ಚುಚ್ಚು. ಜಾರಿದ್ದನ್ನು ಸರಿಪಡಿಸಲು ಹಾಗೆ ಹಾಕುವ ಮೆಶ್‌ಗಳ ಮಾರಾಟವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಹೊಟ್ಟೆಯ ಕಡೆಯಿಂದ ಬೆನ್ನೆಲುಬಿನ ಬುಡಕ್ಕೆ ಕಟ್ಟುವ ಮೆಶ್ ಬೇರೆ, ಅದು ಈಗಲೂ ಇದೆ.

ಎಲ್ಲ ಸರಿಹೋಗುತ್ತದೆ ಎಂದು ಅವರು ಆಣೆ ಮಾಡಲಿಲ್ಲ, ಅದೇ ಹಿಡಿಸಿತು. ಹೆಚ್ಚಿನವರಿಗೆ ಮೊದಲಿನಂತೆಯೇ ಇರುತ್ತದೆ ಅಥವಾ ಸುಧಾರಿಸುತ್ತದೆ, ಕೆಲವರಿಗೆ ಹೊಸದಾಗಿ ನೋವು ಶುರುವಾಗುತ್ತದೆ. ಜಾರಿದ್ದು ಮತ್ತೆ ಜಾರಲೂಬಹುದು. ನೋವಾದರೆ ಹಲ್ಲು ಕಚ್ಚಿಕೊಂಡು ಸುಮ್ನೆ ಇರಬೇಡಿ, ಬನ್ನಿ ಎಂದರು. ಮುಟ್ಟು ನಿಂತು ಒಳಗೆ ಒಣಗಿರುವುದಕ್ಕೆ ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟಿದ್ದಾರೆ. ಆಪರೇಷನ್ ಆದ ಮೇಲೆ ಸುಮಾರು ಆರು ವಾರ ಭಾರ ಎತ್ತಬಾರದು, ಮುಕ್ಕಿರಿಯಬಾರದು, ಒಳಗೆ ಏನೂ ಹೋಗಬಾರದು. ಗಾಯ ಮಾಗಿದೆಯಾ ಎಂದು ಅವರು ನೋಡಿ ಹೇಳಿದ ಮೇಲೇ ಮುಂದಿನದು.

ರಾತ್ರಿ ಇವರಿಗೆ ಆ ಕವರು ತೋರಿಸಿ ಎಲ್ಲ ಹೇಳಿದೆ. ಕನ್ನಡಕ ಏರಿಸಿಕೊಂಡು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ದು ಒಂದೇ. "ಆರು ವಾರ ಅಂದರೆ, ಆಪರೇಷನ್ ದಿನದಿಂದಲಾ, ಮನೆಗೆ ಬಂದ ದಿನದಿಂದಲಾ?"

ನಗು ತಡೆಯಲಾಗಲಿಲ್ಲ. "ಸೋಮವಾರ ನೀವೂ ಬರಬೇಕಂತೆ, ಅವರನ್ನೇ ಕೇಳಿ" ಎಂದೆ.